ಕಲ್ಲುಪ್ಪಿನ ಮೂಟೆ ಒದ್ದೆ ಮಾಡೋ ಲವಣವೇ ಸೋಲಾರ್ ಫ್ಯಾಕ್ಟರಿಯ ವಿಷಕ್ಕೆ ಮದ್ದು! ಏನಿದು ತೆಳು ಪದರದ ಸೋಲಾರ್?

ಗಿರಿನಗರ: 'ಮನೆ ಮೇಲೆ ಸೋಲಾರ್ ಹಾಕಿಸಿದ್ರೆ ಮಳೆ ನೀರನ್ನ ಸಂಪಿಗೆ ಬಿಟ್ಕೋಬಹುದಾ? ಅದರಲ್ಲಿ ವಿಷ ಇಳಿಯಲ್ವಾ?'

ಸೀತಾ ಸರ್ಕಲ್ ಹತ್ತಿರದ ಕಿರಾಣಿ ಅಂಗಡಿಯವರೊಬ್ಬರು ಕೇಳಿದ ಪ್ರಶ್ನೆ ಇದು. ಅಂಗಡಿ ಕೆಳಗೆ, ಮನೆ ಮೇಲೆ. ತಾರಸಿಗೆ ಪ್ಯಾನೆಲ್ ಹಾಕಿಸೋಣ ಅಂತ ಕೊಟೇಶನ್ ತರಿಸಿದ್ದಾರೆ. ಅಷ್ಟರಲ್ಲಿ ಅವರ ವಾಟ್ಸಾಪ್‌ಗೆ ಒಂದು ಮೆಸೇಜ್ ಬಂತು. 'ಸೋಲಾರ್ ಪ್ಯಾನೆಲ್‌ನಲ್ಲಿ ಕ್ಯಾಡ್ಮಿಯಂ ಇದೆ, ಕ್ಯಾನ್ಸರ್ ಬರುತ್ತೆ, ಹುಷಾರ್' ಅಂತ. ಅವರಿಗೆ ಗಾಬರಿ. ಮಳೆ ನೀರು ಕೊಯ್ಲು ಮಾಡಿ ಸಂಪಿಗೆ ಇಳಿಸ್ಕೊಳ್ಳೋ ಮನೆ ಅದು.

ಈ ಮೆಸೇಜ್ ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ಕ್ಯಾಡ್ಮಿಯಂ ಇರೋ ಪ್ಯಾನೆಲ್‌ಗಳು ಇವೆ. ಆದ್ರೆ ನಮ್ಮ ಏರಿಯಾದ ತಾರಸಿಗಳ ಮೇಲೆ ಸಾಮಾನ್ಯವಾಗಿ ಇರೋದು ಅವಲ್ಲ. ಇನ್ನು ಕ್ಯಾಡ್ಮಿಯಂ ಪ್ಯಾನೆಲ್‌ನಲ್ಲೂ ಹೆಚ್ಚು ಹೆದರಬೇಕಾದ ಜಾಗ ತಾರಸಿ ಅಲ್ಲ, ಅದನ್ನ ತಯಾರು ಮಾಡೋ ಫ್ಯಾಕ್ಟರಿ ಮತ್ತು ಕೊನೆಗೆ ಅದನ್ನ ಒಡೆಯೋ ಗುಜರಿ. ಆ ಫ್ಯಾಕ್ಟರಿ ಕೆಲಸದಲ್ಲಿ ವಿಷ ಕಡಿಮೆ ಮಾಡೋಕೆ ವಿಜ್ಞಾನಿಗಳು ಕಂಡುಕೊಂಡ ಒಂದು ದಾರಿ ಇದೇ ಅಂಗಡಿಯವರ ಕಲ್ಲುಪ್ಪಿನ ಮೂಟೆಯಲ್ಲೇ ಇದೆ. ಅದು ಹೇಗೆ ಅಂತ ನೋಡೋಣ.

ನಿಮ್ಮ ಗಲ್ಲಾ ಪಕ್ಕದಲ್ಲೇ ಇದೆ ತೆಳು ಪದರದ ಸೋಲಾರ್

ಅಂಗಡಿಯಲ್ಲಿ ಲೆಕ್ಕ ಹಾಕೋ ಸೋಲಾರ್ ಕ್ಯಾಲ್ಕುಲೇಟರ್ ಇದ್ಯಲ್ಲ, ಅದರ ಮೇಲ್ಗಡೆ ಕಂದು ಬಣ್ಣದ ಒಂದು ಪಟ್ಟಿ ಇರುತ್ತೆ ನೋಡಿ. ಅದೇ ತೆಳು ಪದರದ ಸೋಲಾರ್ ಸೆಲ್. ಇಂಗ್ಲಿಷಲ್ಲಿ 'ಥಿನ್ ಫಿಲ್ಮ್' ಅಂತಾರೆ. ಗಾಜಿನ ಮೇಲೆ ಬಳಿದ ತೆಳ್ಳನೆ ಸಿಲಿಕಾನ್ ಲೇಪ ಅಷ್ಟೇ. ಟ್ಯೂಬ್‌ಲೈಟ್ ಬೆಳಕಿಗೂ ಕೆಲಸ ಮಾಡುತ್ತೆ.

ತಾರಸಿ ಮೇಲೆ ಹಾಕೋ ಮಾಮೂಲಿ ಪ್ಯಾನೆಲ್ ಬೇರೆ ಥರದ್ದು. ಅದು ಗಟ್ಟಿ ಸಿಲಿಕಾನ್. ದೊಡ್ಡ ಸಿಲಿಕಾನ್ ದಿಮ್ಮಿ ಮಾಡಿ, ಅದನ್ನ ಬಿಲ್ಲೆ ಬಿಲ್ಲೆಯಾಗಿ ಕುಯ್ದು, ಆ ಬಿಲ್ಲೆಗಳನ್ನ ಒಂದಕ್ಕೊಂದು ತಂತಿಯಿಂದ ಬೆಸೆದು ಗಾಜಿನ ಕೆಳಗೆ ಕೂರಿಸ್ತಾರೆ. ಮೈಸೂರ್ ಪಾಕ್ ಗಟ್ಟಿ ಆದ್ಮೇಲೆ ಚಾಕು ಹಾಕಿ ಕತ್ತರಿಸಿದ ಹಾಗೆ. ಒಂದು ಬಿಲ್ಲೆಯ ದಪ್ಪ ಸುಮಾರು 150 ಮೈಕ್ರಾನ್. ಒಂದು ಮಿಲಿಮೀಟರ್‌ಗೆ 1000 ಮೈಕ್ರಾನ್, ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್.

ತೆಳು ಪದರದ್ದು ನೀರ್ ದೋಸೆ ಲೆಕ್ಕ. ಗಾಜೇ ಕಾವಲಿ. ಅದರ ಮೇಲೆ ವಿದ್ಯುತ್ ಹುಟ್ಟಿಸೋ ವಸ್ತುವನ್ನ ಆವಿ ಮಾಡಿಯೋ, ದ್ರಾವಣ ಮಾಡಿಯೋ ತೆಳ್ಳಗೆ ಹರಡ್ತಾರೆ. ದಪ್ಪ ಎರಡು-ಮೂರು ಮೈಕ್ರಾನ್. ಸಾಮಗ್ರಿ ಕಡಿಮೆ, ಕತ್ತರಿಸೋ ಕೆಲಸ ಇಲ್ಲ, ತಯಾರಿಸೋಕೆ ಕರೆಂಟೂ ಕಡಿಮೆ ಸಾಕು.

ಈ ಕೆಲಸಕ್ಕೂ ಬೆಂಗಳೂರಿಗೂ ನಂಟಿದೆ. ಪೀಣ್ಯದ ಹಿಂದ್ ಹೈ ವ್ಯಾಕ್ಯೂಮ್ ಕಂಪನಿ 1965ರಿಂದ ಇಂಥ ಲೇಪ ಹಾಕೋ ನಿರ್ವಾತ ಯಂತ್ರಗಳನ್ನ ಮಾಡ್ತಾ ಬಂದಿದೆ. 2010ರ ಆಸುಪಾಸಿನಲ್ಲಿ ಅವರು ಕ್ಯಾಲ್ಕುಲೇಟರ್ ಜಾತಿಯ ಸಿಲಿಕಾನ್ ತೆಳು ಪದರದ ಪ್ಯಾನೆಲ್‌ಗೆ ದೇಶೀ ಯಂತ್ರಗಳನ್ನೇ ಮಾಡೋಕೆ ಕೈಹಾಕಿದ್ದರು. ನಮಗೆ ಇನ್ನೂ ಹತ್ತಿರ, ಮೈಸೂರು ರಸ್ತೆಯ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ ಇಸ್ರೋ ಉಪಗ್ರಹಗಳಿಗೂ ಸೋಲಾರ್ ಪ್ಯಾನೆಲ್ ಜೋಡಿಸಿ ಕೊಟ್ಟಿದೆ. ಆದ್ರೆ ಅದು ತೆಳು ಪದರದ್ದಲ್ಲ, ಬಿಲ್ಲೆ ಜೋಡಿಸೋ ಥರದ್ದು.

ಹಾಗಾದ್ರೆ ವಿಷ ಎಲ್ಲಿಂದ ಬಂತು?

ಕ್ಯಾಲ್ಕುಲೇಟರ್‌ನ ಸಿಲಿಕಾನ್ ಪದರದಲ್ಲಿ ವಿಷ ಇಲ್ಲ. ಆದ್ರೆ ಅದು ಬಿಸಿಲನ್ನ ಕರೆಂಟ್ ಮಾಡೋ ಪ್ರಮಾಣ ಕಡಿಮೆ. ಪ್ಯಾನೆಲ್ ಲೆಕ್ಕದಲ್ಲಿ ಶೇ. 10 ದಾಟೋದೂ ಕಷ್ಟ. ಬಿಸಿಲಿಗೆ ಇಟ್ಟ ಮೊದಲ ತಿಂಗಳುಗಳಲ್ಲೇ ಸ್ವಲ್ಪ ಕುಗ್ಗುತ್ತೆ ಕೂಡ. ಅದಕ್ಕೇ ಅದು ಕ್ಯಾಲ್ಕುಲೇಟರ್‌ಗೆ ಸಾಕಾಯ್ತು, ಮನೆಗೆ ಸಾಕಾಗಲಿಲ್ಲ.

ಮಾರುಕಟ್ಟೆಯಲ್ಲಿ ಗೆದ್ದ ತೆಳು ಪದರ ಅಂದ್ರೆ ಕ್ಯಾಡ್ಮಿಯಂ ಟೆಲ್ಯುರೈಡ್. ಕ್ಯಾಡ್ಮಿಯಂ ಮತ್ತು ಟೆಲ್ಯುರಿಯಂ ಅನ್ನೋ ಎರಡು ಧಾತುಗಳು ಸೇರಿ ಆಗೋ ಕಪ್ಪು ವಸ್ತು. ಲ್ಯಾಬ್‌ಗಳಲ್ಲಿ ಇದರ ದಾಖಲೆ ಶೇ. 22 ದಾಟಿದೆ. ಅಮೆರಿಕದ ಫಸ್ಟ್ ಸೋಲಾರ್ ಇದರ ದೊಡ್ಡ ಕಂಪನಿ. ನಮಗೆ ದೂರ ಏನಲ್ಲ, ತಮಿಳುನಾಡಿನ ಶ್ರೀಪೆರಂಬದೂರು ಹತ್ತಿರ ಪಿಳ್ಳೈಪಾಕ್ಕಂನಲ್ಲಿ ಅವರ ಫ್ಯಾಕ್ಟರಿ 2024ರ ಜನವರಿಯಲ್ಲಿ ಉದ್ಘಾಟನೆ ಆಯ್ತು. ವರ್ಷಕ್ಕೆ 3.3 ಗಿಗಾವಾಟ್ ಪ್ಯಾನೆಲ್ ಮಾಡೋ ಸಾಮರ್ಥ್ಯ. ಈ ಜಾತಿಯ ಪ್ಯಾನೆಲ್‌ಗಳು ಹೆಚ್ಚಾಗಿ ಹೋಗೋದು ಎಕರೆಗಟ್ಟಲೆ ಜಾಗದಲ್ಲಿ ಹಾಕೋ ದೊಡ್ಡ ಸೋಲಾರ್ ಪಾರ್ಕ್‌ಗಳಿಗೆ.

ಕ್ಯಾಡ್ಮಿಯಂ ಒಳ್ಳೇದಲ್ಲ, ಅದರಲ್ಲಿ ಎರಡು ಮಾತಿಲ್ಲ. ದೇಹಕ್ಕೆ ಸೇರಿದ್ರೆ ಕಿಡ್ನಿಯಲ್ಲಿ ಹತ್ತಾರು ವರ್ಷ ಕೂತಿರುತ್ತೆ. ಮೂಳೆ ಸವೆಸುತ್ತೆ. ಕ್ಯಾನ್ಸರ್ ತರೋ ವಸ್ತುಗಳ ಮೊದಲ ಪಟ್ಟಿಯಲ್ಲೇ ಇದೆ. ಜಪಾನಿನ ತೊಯಾಮಾದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜು ನದಿಗೆ ಸೇರಿತ್ತು. ನದಿ ನೀರು ಗದ್ದೆಗೆ ಹೋಯ್ತು, ಗದ್ದೆಯಿಂದ ಅಕ್ಕಿಗೆ ಬಂತು, ಅಕ್ಕಿ ಉಂಡವರ ಮೂಳೆಗಳು ಸುಮ್ಮನೆ ಮುರಿಯೋಕೆ ಶುರುವಾದವು. ಆ ಕಾಯಿಲೆಗೆ ಜನ ಇಟ್ಟ ಹೆಸರು 'ಇತಾಯ್-ಇತಾಯ್'. ಅಂದ್ರೆ 'ಅಯ್ಯೋ ನೋವು, ಅಯ್ಯೋ ನೋವು'. ಕ್ಯಾಡ್ಮಿಯಂನಿಂದಲೇ ಇದು ಅಂತ ಅಲ್ಲಿನ ಸರ್ಕಾರ ಒಪ್ಪಿಕೊಂಡಿದ್ದು 1968ರಲ್ಲಿ.

ಅಲ್ಲಿ ವಿಷ ಗದ್ದೆ ತನಕ ಹೋಗಿದ್ದು ನೀರಿನ ಜೊತೆ. ಈ ಲೇಖನದಲ್ಲಿ ನೆನಪಿಟ್ಕೋಬೇಕಾದ ಮಾತು ಇದೊಂದೇ: ವಿಷ ಎಷ್ಟಿದೆ ಅಂತ ಕೇಳಿದ್ರೆ ಸಾಲದು, ಅದು ನೀರಲ್ಲಿ ಕರಗುತ್ತಾ ಅಂತಾನೂ ಕೇಳಬೇಕು.

ಪ್ಯಾನೆಲ್ ಒಳಗಿನ ಕ್ಯಾಡ್ಮಿಯಂ ಟೆಲ್ಯುರೈಡ್ ನೀರಲ್ಲಿ ಹೆಚ್ಚುಕಮ್ಮಿ ಕರಗೋದೇ ಇಲ್ಲ. ಕರಗಿ ದ್ರವ ಆಗಬೇಕು ಅಂದ್ರೆ ಸಾವಿರ ಡಿಗ್ರಿ ಸೆಲ್ಸಿಯಸ್ ಮೇಲೆ ಬೇಕು. ಎರಡು ಗಾಜಿನ ಮಧ್ಯೆ ಸೀಲ್ ಆಗಿ ಕೂತಿರುತ್ತೆ. ಮೂರು ಮೈಕ್ರಾನ್ ಪದರ ಅಂದ್ರೆ ಒಂದು ಚದರ ಮೀಟರ್ ಪ್ಯಾನೆಲ್‌ನಲ್ಲಿ ಕ್ಯಾಡ್ಮಿಯಂ ಸುಮಾರು 8 ಗ್ರಾಂ. ಪ್ಯಾನೆಲ್ ಒಡೀದೇ ಇರೋವರೆಗೆ ಅದು ಮಳೆ ನೀರಿಗೆ ಸಿಗಲ್ಲ.

ಹಾಗಾದ್ರೆ ಕರಗೋ ವಿಷ ಯಾವುದು? ಅದು ಬರೋದು ಫ್ಯಾಕ್ಟರಿಯ ಒಳಗೆ.

ಹುರಿಯೋ ಹಂತದಲ್ಲಿ ಬೀಳೋ ವಿಷದ ಉಪ್ಪು

ಗಾಜಿನ ಮೇಲೆ ಪದರ ಹಾಕಿದ ಕೂಡಲೇ ಸೆಲ್ ಚೆನ್ನಾಗಿ ಕೆಲಸ ಮಾಡಲ್ಲ. ಆ ಪದರ ಸಣ್ಣ ಸಣ್ಣ ಹರಳುಗಳಿಂದ ಆಗಿರುತ್ತೆ. ಹರಳು ಹರಳಿನ ಮಧ್ಯದ ಸಂದಿಗಳಲ್ಲಿ ಕರೆಂಟ್ ಸೋರಿ ಹೋಗುತ್ತೆ. ಅದಕ್ಕೆ ಮದ್ದು ಕ್ಲೋರಿನ್. ಪದರದ ಮೇಲೆ ಕ್ಲೋರಿನ್ ಇರೋ ಲವಣವನ್ನ ಸವರಿ ಸುಮಾರು 400 ಡಿಗ್ರಿಯಲ್ಲಿ ಬೇಯಿಸ್ತಾರೆ. ಕ್ಲೋರಿನ್ ಸಂದಿಗಳಿಗೆ ಇಳಿದು ಅವನ್ನ ಸರಿ ಮಾಡುತ್ತೆ. ಒಗ್ಗರಣೆ ಹಾಕೋವರೆಗೆ ಸಾರಿಗೆ ರುಚಿ ಬರಲ್ವಲ್ಲ, ಹಾಗೆ. ಈ ಒಂದು ಹಂತ ಬಿಟ್ಟರೆ ಸೆಲ್‌ನ ಸಾಮರ್ಥ್ಯ ತೀರಾ ಬಿದ್ದುಹೋಗುತ್ತೆ.

ದಶಕಗಟ್ಟಲೆ ಇದಕ್ಕೆ ಬಳಸಿದ ಲವಣದ ಹೆಸರು ಕ್ಯಾಡ್ಮಿಯಂ ಕ್ಲೋರೈಡ್. ಹೆಸರು ಅಕ್ಕಪಕ್ಕದ ಹಾಗೆ ಕೇಳಿದ್ರೂ ಗುಣ ಪೂರ್ತಿ ಉಲ್ಟಾ. ಪ್ಯಾನೆಲ್ ಒಳಗೆ ಉಳಿಯೋ ಕ್ಯಾಡ್ಮಿಯಂ ಟೆಲ್ಯುರೈಡ್ ನೀರಲ್ಲಿ ಕರಗಲ್ಲ, ಈ ಕ್ಯಾಡ್ಮಿಯಂ ಕ್ಲೋರೈಡ್ ಉಪ್ಪಿನ ಹಾಗೆ ಸರಾಗವಾಗಿ ಕರಗುತ್ತೆ. ಕೈಗೆ, ಗಾಳಿಗೆ, ತೊಳೆದ ನೀರಿಗೆ ಸೇರುತ್ತೆ. ಹಾಗಾಗಿ ಕೆಲಸಗಾರರಿಗೆ ರಕ್ಷಣೆ ಬೇಕು, ಗಾಳಿ ಎಳೆಯೋ ವ್ಯವಸ್ಥೆ ಬೇಕು, ತೊಳೆದ ನೀರನ್ನ ಬೇರೆಯಾಗಿ ಶುದ್ಧ ಮಾಡಬೇಕು. ಇದೆಲ್ಲ ಖರ್ಚು. ಖರ್ಚು ಉಳಿಸೋಕೆ ಯಾರಾದ್ರೂ ಕಣ್ಣು ಮುಚ್ಚಿದ್ರೆ ಅದು ಹೋಗೋದು ಚರಂಡಿಗೆ.

ನನ್ನದೇ ಒಂದು ಮಾತು ಹೇಳ್ತೀನಿ. ನಾನು ಬಿಎಸ್ಸಿ ಅರ್ಧಕ್ಕೆ ಬಿಟ್ಟವನು. ಓದಿದ್ದರಲ್ಲಿ ತಲೇಲಿ ಉಳಿದಿರೋದು ಕೆಮಿಸ್ಟ್ರಿ ಪ್ರಾಕ್ಟಿಕಲ್‌ನ ಒಂದು ಬಣ್ಣ. ಕೊಟ್ಟ ಲವಣದಲ್ಲಿ ಏನಿದೆ ಅಂತ ಕಂಡುಹಿಡಿಯೋ ಪರೀಕ್ಷೆಯಲ್ಲಿ, ಕ್ಯಾಡ್ಮಿಯಂ ಇದ್ರೆ ಟೆಸ್ಟ್ ಟ್ಯೂಬ್ ತಳದಲ್ಲಿ ಅರಿಶಿನದಂಥ ಹಳದಿ ಕೂರುತ್ತೆ. ಅದು ಕ್ಯಾಡ್ಮಿಯಂ ಸಲ್ಫೈಡ್. ಹಳದಿ ಬಂತು ಅಂದ್ರೆ ಖುಷಿ, ಮಾರ್ಕ್ಸ್ ಬಂದ ಹಾಗೆ. ಆಮೇಲೆ? ನಲ್ಲಿ ಬಿಟ್ಟು ಟೆಸ್ಟ್ ಟ್ಯೂಬ್ ತೊಳೆದು ಸಿಂಕಿಗೆ ಸುರೀತಿದ್ವಿ. ಎಲ್ಲರೂ. ಆ ನೀರು ಎಲ್ಲಿಗೆ ಹೋಗುತ್ತೆ ಅಂತ ಯಾರೂ ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ. ಅದೇ ಹಳದಿ ಕ್ಯಾಡ್ಮಿಯಂ ಸಲ್ಫೈಡ್ ತುಂಬಾ ವರ್ಷ ಈ ತೆಳು ಸೆಲ್‌ಗಳಲ್ಲಿ ಬೆಳಕು ಒಳಗೆ ಬಿಡೋ ಕಿಟಕಿ ಪದರ ಆಗಿತ್ತು ಅಂತ ನನಗೆ ಗೊತ್ತಾಗಿದ್ದು ಈ ಲೇಖನಕ್ಕೆ ಓದೋವಾಗ.

ನಮ್ಮ ಗಿರಿನಗರ, ಹೊಸಕೆರೆಹಳ್ಳಿ ಕಡೆ ಚರಂಡಿ, ರಾಜಕಾಲುವೆ ನೀರು ಕೊನೆಗೆ ಸೇರೋದು ವೃಷಭಾವತಿಗೆ. ನಾಯಂಡಹಳ್ಳಿ ಹತ್ತಿರ ಬಸ್ಸಲ್ಲಿ ಹೋಗೋವಾಗ ಮೂಗು ಮುಚ್ಚಿಕೊಳ್ತೀವಲ್ಲ, ಅದೇ ನದಿ. ಮೈಸೂರು ರಸ್ತೆ ಉದ್ದಕ್ಕೂ ಕೆಂಗೇರಿ ದಾಟಿ, ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗುತ್ತೆ. ಅಲ್ಲಿಂದ ಅರ್ಕಾವತಿ, ಆಮೇಲೆ ಕಾವೇರಿ. ಆ ನೀರಲ್ಲಿ ಬೆಳೆ ಬೆಳೆಯೋ ರೈತರಿದ್ದಾರೆ. ಮನೆಗಳ ಕೊಳಚೆ ಜೊತೆಗೆ ಕಾರ್ಖಾನೆ ನೀರೂ ಸೇರಿ ಈ ನದಿಯಲ್ಲಿ ಭಾರ ಲೋಹಗಳು ಇರೋದನ್ನ ಸಂಶೋಧಕರು ಮತ್ತೆ ಮತ್ತೆ ಬರೆದಿದ್ದಾರೆ. ಇದು ಸೋಲಾರ್‌ನಿಂದ ಆದದ್ದಲ್ಲ. ಆದ್ರೆ ಕರಗೋ ವಿಷವನ್ನ ನೀರಿಗೆ ಬಿಟ್ಟರೆ ಏನಾಗುತ್ತೆ ಅಂತ ತಿಳಿಯೋಕೆ ನಾವು ಜಪಾನ್‌ಗೆ ಹೋಗಬೇಕಾಗಿಲ್ಲ. 'ಕ್ಲೀನ್ ಎನರ್ಜಿ' ಹೆಸರಲ್ಲಿ ಇನ್ನೊಂದು ವೃಷಭಾವತಿ ಆಗಬಾರದು ಅನ್ನೋದೇ ಪ್ರಶ್ನೆ.

ಲಿವರ್‌ಪೂಲ್‌ನವರು ಹುಡುಕಿದ ಉಪ್ಪು

2014ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ವಿಶ್ವವಿದ್ಯಾಲಯದ ಜಾನ್ ಮೇಜರ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ಒಂದು ಸಂಶೋಧನೆ ಪ್ರಕಟಿಸಿದರು. ಅವರ ಯೋಚನೆ ಸರಳ. ಕೆಲಸ ಮಾಡೋದು ಕ್ಲೋರಿನ್ ತಾನೇ? ಅದನ್ನ ಕ್ಯಾಡ್ಮಿಯಂ ಜೊತೆಗೇ ಯಾಕೆ ತರಬೇಕು? ಕ್ಲೋರಿನ್ ಇರೋ ಬೇರೆ ಲವಣಗಳನ್ನ ಹಾಕಿ ನೋಡೋಣ.

ಚೆನ್ನಾಗಿ ಕೆಲಸ ಮಾಡಿದ್ದು ಮೆಗ್ನೀಸಿಯಂ ಕ್ಲೋರೈಡ್. ಕ್ಯಾಡ್ಮಿಯಂ ಕ್ಲೋರೈಡ್ ಹಾಕಿ ಮಾಡಿದ ಸೆಲ್‌ಗೆ ಸರಿಸಾಟಿಯಾಗಿ, ಶೇ. 13ಕ್ಕಿಂತ ಹೆಚ್ಚು ಸಾಮರ್ಥ್ಯ ಬಂತು. ಆಗ ಅವರು ಕೊಟ್ಟ ಬೆಲೆ ಲೆಕ್ಕ ಕೇಳಿ: ಕ್ಯಾಡ್ಮಿಯಂ ಕ್ಲೋರೈಡ್ ಗ್ರಾಂಗೆ 30 ಅಮೆರಿಕನ್ ಸೆಂಟ್, ಮೆಗ್ನೀಸಿಯಂ ಕ್ಲೋರೈಡ್ ಗ್ರಾಂಗೆ ಒಂದು ಸೆಂಟ್‌ನ ಹತ್ತನೇ ಒಂದು ಭಾಗ. ಅಂದ್ರೆ 300 ಪಟ್ಟು ಅಗ್ಗ.

ಈ ಮೆಗ್ನೀಸಿಯಂ ಕ್ಲೋರೈಡ್ ಏನು ಮಹಾ? ಸಮುದ್ರದ ನೀರಲ್ಲಿ ಧಾರಾಳವಾಗಿದೆ. ಸೋಯಾ ಹಾಲನ್ನ ಒಡೆದು ತೋಫು ಮಾಡೋಕೆ ಬಳಸ್ತಾರೆ. ಚಳಿ ದೇಶಗಳಲ್ಲಿ ರಸ್ತೆ ಮೇಲಿನ ಹಿಮ ಕರಗಿಸೋಕೆ ಚೆಲ್ಲುತ್ತಾರೆ.

ನಮ್ಮಲ್ಲೂ ಇದೆ. ಮಳೆಗಾಲದಲ್ಲಿ ಕಲ್ಲುಪ್ಪಿನ ಮೂಟೆ ತಾನಾಗೇ ಒದ್ದೆಯಾಗಿ ಕೆಳಗೆ ನೀರು ಜಿನುಗೋದನ್ನ ಯಾವ ಅಂಗಡಿಯವರು ನೋಡಿಲ್ಲ ಹೇಳಿ? ಮೂಟೆ ಕೆಳಗೆ ಹಲಗೆ ಇಡೋದು ಅದಕ್ಕೇ. ಶುದ್ಧ ಅಡುಗೆ ಉಪ್ಪು ಅಷ್ಟು ಬೇಗ ತೇವ ಎಳೆಯಲ್ಲ. ಗಾಳಿಯ ತೇವ ಎಳೆಯೋದು ಕಲ್ಲುಪ್ಪಿನಲ್ಲಿ ಸ್ವಲ್ಪ ಉಳಿದಿರೋ ಮೆಗ್ನೀಸಿಯಂ ಕ್ಲೋರೈಡ್. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳಿವೆ. ಸಮುದ್ರದ ನೀರು ಬತ್ತಿಸಿ ಉಪ್ಪು ಹರಳುಗಟ್ಟಿದ ಮೇಲೆ ಉಳಿಯುತ್ತಲ್ಲ ಕಹಿ ನೀರು, ಅದರಲ್ಲೂ ಇರೋದು ಹೆಚ್ಚಾಗಿ ಮೆಗ್ನೀಸಿಯಂ ಲವಣಗಳೇ. ಉಪ್ಪು ಮಾಡೋರಿಗೆ ಬೇಡವಾಗಿದ್ದು, ಅಂಗಡಿಯವರಿಗೆ ತಲೆನೋವಾಗಿದ್ದು, ಸೋಲಾರ್ ಲ್ಯಾಬ್‌ನಲ್ಲಿ ವಿಷದ ಜಾಗಕ್ಕೆ ಬಂದು ಕೂತಿತು. ಹಾಗಂತ ಮೂಟೆಯ ಉಪ್ಪನ್ನೇ ತಂದು ಸವರೋದಲ್ಲ, ಲ್ಯಾಬ್‌ಗೆ ಶುದ್ಧ ಮಾಡಿದ್ದೇ ಬೇಕು.

ಇಲ್ಲಿ ಒಂದು ಎಚ್ಚರಿಕೆ. ಇದರಿಂದ ಪ್ಯಾನೆಲ್ ಕ್ಯಾಡ್ಮಿಯಂ ರಹಿತ ಆಗಲ್ಲ. ಮುಖ್ಯ ಪದರ ಕ್ಯಾಡ್ಮಿಯಂ ಟೆಲ್ಯುರೈಡೇ. ಹೋಗಿದ್ದು ಕರಗೋ ಲವಣ ಸುರಿಯೋ ಆ ಒಂದು ಹಂತ ಮಾತ್ರ. ಆದ್ರೆ ಆ ಲವಣವನ್ನ ಮುಟ್ಟೋದು, ಅದು ಬೆರೆತ ನೀರನ್ನ ತೊಳೆಯೋದು ಕೆಲಸಗಾರರು. ಅವರ ಲೆಕ್ಕದಲ್ಲಿ ಇದು ಸಣ್ಣದಲ್ಲ.

ಇನ್ನೊಂದು ಮಾತೂ ಸೇರಿಸಬೇಕು. ಕ್ಯಾಡ್ಮಿಯಂ ಅನ್ನ ಅದಕ್ಕಾಗಿಯೇ ಅಗೆದು ತೆಗೆಯೋದು ಕಡಿಮೆ. ಸತು ಕರಗಿಸೋವಾಗ ಅದು ಜೊತೆಗೆ ಬಂದೇ ಬರುತ್ತೆ. ಹೇಗಿದ್ರೂ ಬರೋ ವಿಷವನ್ನ ಕರಗದ ರೂಪದಲ್ಲಿ ಗಾಜಿನ ಮಧ್ಯೆ ಇಡೋದು ವಾಸಿ ಅನ್ನೋರೂ ಇದ್ದಾರೆ. ಆ ವಾದ ನಿಲ್ಲಬೇಕಾದ್ರೆ ಪ್ಯಾನೆಲ್ ವಾಪಸ್ ಫ್ಯಾಕ್ಟರಿಗೆ ಹೋಗಬೇಕು, ಗುಜರಿಗಲ್ಲ.

ಕ್ಯಾಡ್ಮಿಯಂ ಪೂರ್ತಿ ಬಿಡೋ ದಾರಿಗಳು

ವಿಷ ಕಡಿಮೆ ಮಾಡೋ ಪ್ರಯತ್ನ ಇದೊಂದೇ ಅಲ್ಲ. ಬೇರೆ ಮೂರು ದಾರಿ ಚುಟುಕಾಗಿ ನೋಡೋಣ.

ಮೊದಲನೇದು, ತಾಮ್ರ, ಇಂಡಿಯಂ, ಗ್ಯಾಲಿಯಂ, ಸೆಲೆನಿಯಂ ಸೇರಿಸಿ ಮಾಡೋ ಪದರ. ಇದರಲ್ಲೂ ಕಿಟಕಿ ಪದರಕ್ಕೆ ಆ ಹಳದಿ ಕ್ಯಾಡ್ಮಿಯಂ ಸಲ್ಫೈಡ್ ಬಳಸ್ತಿದ್ರು. ಬಿಸಿ ದ್ರಾವಣದಲ್ಲಿ ಗಾಜನ್ನ ಅದ್ದಿ ಪದರ ಕೂರಿಸೋದು, ಉಳಿದದ್ದು ಕ್ಯಾಡ್ಮಿಯಂ ಬೆರೆತ ನೀರು. ಜಪಾನಿನ ಸೋಲಾರ್ ಫ್ರಾಂಟಿಯರ್ ಕಂಪನಿ ಅದರ ಬದಲು ಸತುವಿನ ಸಂಯುಕ್ತಗಳನ್ನ ಬಳಸಿ, ಕ್ಯಾಡ್ಮಿಯಂ ಇಲ್ಲದೆಯೇ 2019ರಲ್ಲಿ ಶೇ. 23.35ರ ದಾಖಲೆ ಮಾಡ್ತು. ವಿಷ ಬಿಟ್ಟರೆ ಕರೆಂಟ್ ಕಡಿಮೆ ಬರುತ್ತೆ ಅನ್ನೋ ಮಾತು ಎಲ್ಲ ಕಡೆ ನಿಜ ಅಲ್ಲ ಅಂತ ಇದರಿಂದ ಗೊತ್ತಾಯ್ತು.

ಎರಡನೇದು ನಮಗೆ ಪರಿಚಯದ ಸಾಮಾನು: ತಾಮ್ರ, ಸತು, ತವರ, ಗಂಧಕ. ಪಾತ್ರೆ ಅಂಗಡಿಯಲ್ಲೂ ಕಲಾಯಿ ಹಾಕೋರ ಹತ್ತಿರವೂ ಇದ್ದ ಲೋಹಗಳು. ಅಗ್ಗ, ಬೇಕಾದಷ್ಟು ಸಿಗುತ್ತವೆ, ಸೀಸ-ಕ್ಯಾಡ್ಮಿಯಂನಷ್ಟು ಅಪಾಯ ಇಲ್ಲ. ಆದ್ರೆ ಇಲ್ಲೊಂದು ತಮಾಷೆ. 2013ರಲ್ಲಿ ಐಬಿಎಂ ಕಂಪನಿಯವರು ಈ ಜಾತಿಯಲ್ಲೇ, ಸ್ವಲ್ಪ ಸೆಲೆನಿಯಂ ಕೂಡ ಸೇರಿಸಿ, ಶೇ. 12.6 ಸಾಧಿಸಿದಾಗ ಅವನ್ನೆಲ್ಲ ಕರಗಿಸೋಕೆ ಬಳಸಿದ್ದು ಹೈಡ್ರಜೀನ್. ಅದು ಉಪಗ್ರಹಗಳನ್ನ ಅತ್ತಿತ್ತ ತಿರುಗಿಸೋ ಎಂಜಿನ್‌ಗಳಿಗೆ ಹಾಕೋ ಇಂಧನ. ಕಡು ವಿಷ, ಜೊತೆಗೆ ಸಿಡಿಯೋ ಗುಣ. ಸಾಮಾನೆಲ್ಲ ಸಾಧು, ಅಡುಗೆ ಮಾಡೋ ವಿಧಾನ ಮಾತ್ರ ಭಯಂಕರ! ಅದಕ್ಕೂ ಮೊದಲೇ, 2011ರಲ್ಲಿ, ಅಮೆರಿಕದ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದವರು ಡಿಎಂಎಸ್‌ಒ ಅನ್ನೋ ಸೌಮ್ಯ ದ್ರಾವಕದಲ್ಲಿ ಇದೇ ಲೋಹಗಳನ್ನ ಕರಗಿಸಿ ತೋರಿಸಿದ್ದರು. ಕಾಗದಕ್ಕಾಗಿ ಮರದ ತಿರುಳು ಮಾಡೋವಾಗ ಬರೋ ಉಪವಸ್ತುವಿನಿಂದ ಆಗೋ ದ್ರವ ಅದು. ಆಗ ಸಿಕ್ಕಿದ್ದು ಶೇ. 4.1 ಅಷ್ಟೇ. ಈಚೆಗೆ ಹೈಡ್ರಜೀನ್ ಇಲ್ಲದೆಯೇ ಬೇರೆ ಲ್ಯಾಬ್‌ಗಳವರು ಆ 12.6ನ್ನೂ ದಾಟಿದ್ದಾರೆ.

ಈ ತಾಮ್ರ-ತವರದ ಜಾತಿಯ ಮೇಲೆ ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲೂ ಕೆಲಸ ಆಗಿದೆ. ಅಲ್ಲಿನ ಮೆಟೀರಿಯಲ್ಸ್ ರಿಸರ್ಚ್ ಸೆಂಟರ್‌ನ ಪ್ರೊ. ಎಸ್.ಬಿ. ಕೃಪಾನಿಧಿ ಅವರ ತಂಡ ಇಂಥ ಪದರಗಳ ಬಗ್ಗೆ ಸಂಶೋಧನೆ ಪ್ರಕಟಿಸಿದೆ. 2012ರಲ್ಲಿ ಭಾರತ-ಅಮೆರಿಕ ಜಂಟಿ ಸೌರ ಸಂಶೋಧನಾ ಕಾರ್ಯಕ್ರಮ ಶುರುವಾದಾಗ ನಮ್ಮ ಕಡೆಯಿಂದ ಅದರ ಮುಂದಾಳು ಐಐಎಸ್‌ಸಿಯೇ. ಇನ್ನು ಮಾಮೂಲಿ ಪ್ಯಾನೆಲ್‌ನ ಸಿಲಿಕಾನ್ ಶೇ. 20 ದಾಟಿ ಅಂಗಡಿಗೆ ಬಂದಿರೋದ್ರಿಂದ, ಶೇ. 12-15ರ ತಾಮ್ರ-ತವರ ಸದ್ಯಕ್ಕೆ ಲ್ಯಾಬ್‌ನಲ್ಲೇ ಇದೆ.

ಮೂರನೇದು ಪೆರೋವ್‌ಸ್ಕೈಟ್. ಈಗ ಎಲ್ಲರ ಬಾಯಲ್ಲಿ ಇರೋ ಹೆಸರು. ದ್ರಾವಣ ಬಳಿದು ಒಣಗಿಸಿದ್ರೆ ಸಾಕು, ಸಿಲಿಕಾನ್‌ಗೆ ಸರಿಸಾಟಿ ಕರೆಂಟ್. ಆದ್ರೆ ಅದರಲ್ಲಿ ಸೀಸ ಇದೆ. ಎಷ್ಟು? ಒಂದು ಚದರ ಮೀಟರ್‌ಗೆ ಒಂದು ಗ್ರಾಂಗಿಂತ ಕಡಿಮೆ. ನಿಮ್ಮ ಅಂಗಡಿಯ ಯುಪಿಎಸ್ ಬ್ಯಾಟರಿಯಲ್ಲಿ ಕೆಜಿಗಟ್ಟಲೆ ಸೀಸ ಇದೆ! ಹಾಗಾದ್ರೆ ಇಷ್ಟಕ್ಕೆ ಯಾಕೆ ಹೆದರಬೇಕು ಅಂದ್ರೆ, ಮತ್ತೆ ಅದೇ ಮಾತು. ಪೆರೋವ್‌ಸ್ಕೈಟ್‌ನ ಸೀಸ ನೀರು ತಾಗಿದ್ರೆ ಕರಗಿ ಬರುತ್ತೆ. ಅದಕ್ಕೇ ಸೀಸದ ಬದಲು ತವರ ಹಾಕೋದು, ಒಡೆದರೂ ಸೀಸವನ್ನ ಹಿಡಿದಿಡೋ ಪದರ ಸೇರಿಸೋದು, ವಿಷದ ದ್ರಾವಕ ಬಿಡೋದು, ಇವೆಲ್ಲ ಪ್ರಯತ್ನ ನಡೀತಿದೆ.

ಫ್ಯಾಕ್ಟರಿ, ನೀರು, ಹಳೇ ಪ್ಯಾನೆಲ್

ಪಿಳ್ಳೈಪಾಕ್ಕಂ ಫ್ಯಾಕ್ಟರಿಗೆ ಚೆನ್ನೈನ ಕೊಳಚೆ ನೀರನ್ನ ಶುದ್ಧ ಮಾಡಿ ಬಳಸ್ತೀವಿ, ತ್ಯಾಜ್ಯ ನೀರು ಹೊರಗೆ ಬಿಡಲ್ಲ ಅಂತ ಕಂಪನಿ ಹೇಳಿಕೊಂಡಿದೆ. ಹಳೇ ಪ್ಯಾನೆಲ್ ಪುಡಿ ಮಾಡಿ ಅದರೊಳಗಿನ ಕ್ಯಾಡ್ಮಿಯಂ, ಟೆಲ್ಯುರಿಯಂ, ಗಾಜು ಎಲ್ಲ ಸೇರಿ ಶೇ. 90ರಷ್ಟನ್ನ ವಾಪಸ್ ಪಡೆಯೋ ವ್ಯವಸ್ಥೆಯೂ ಅವರದಿದೆ. ಟೆಲ್ಯುರಿಯಂ ಅಪರೂಪದ, ದುಬಾರಿ ಧಾತು. ಹಾಗಾಗಿ ವಾಪಸ್ ತಗೊಳ್ಳೋದು ಅವರಿಗೂ ಲಾಭ.

ನಮ್ಮಲ್ಲಿ ಕಾನೂನೂ ಬಂದಿದೆ. 2022ರ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಟಿವಿ, ಮೊಬೈಲ್ ಜೊತೆ ಸೋಲಾರ್ ಪ್ಯಾನೆಲ್ ಕೂಡ ಅದರಡಿ ಬರುತ್ತೆ. ಪ್ಯಾನೆಲ್ ತಯಾರಕರು ತ್ಯಾಜ್ಯವನ್ನ 2034-35ರವರೆಗೆ ಸುರಕ್ಷಿತವಾಗಿ ಕೂಡಿಡಬೇಕು ಅಂತ ಹೇಳಿದೆ. ಕಾಗದದಲ್ಲಿ ಸರಿ. ಬೀದಿಯಲ್ಲಿ ನೋಡಿದ್ರೆ, ಒಡೆದ ಪ್ಯಾನೆಲ್ ಫ್ರೇಮ್‌ನ ಅಲ್ಯೂಮಿನಿಯಂಗೆ ಗುಜರಿಯಲ್ಲಿ ದುಡ್ಡು ಸಿಗುತ್ತೆ. ಫ್ರೇಮ್ ಕಿತ್ಕೊಂಡ್ಮೇಲೆ ಗಾಜು, ಒಳಗಿನ ಪದರ ಎಲ್ಲಿ ಹೋಗುತ್ತೆ? ರಾಜಕಾಲುವೆ ಪಕ್ಕದ ಖಾಲಿ ಸೈಟಿಗೆ. ಅಲ್ಲಿಂದ ಮುಂದಿನ ದಾರಿ ನಮಗೆ ಗೊತ್ತೇ ಇದೆ.

ಸೋಲಾರ್ ಹಾಕಿಸೋ ಮುಂಚೆ ಇದನ್ನ ನೋಡಿ

ಗುರುತು ಹಿಡಿಯೋದು: ಚೌಕ ಚೌಕವಾಗಿ ಬಿಲ್ಲೆ ಜೋಡಿಸಿ, ಮೇಲೆ ಸಣ್ಣ ಬೆಳ್ಳಿ ಗೆರೆ ಕಾಣ್ತಿದ್ರೆ ಅದು ಸಿಲಿಕಾನ್. ಹಿಂದಿನ ಲೇಬಲ್‌ನಲ್ಲಿ, ಕೊಟೇಶನ್‌ನಲ್ಲಿ 'ಮೋನೋ', 'ಪಾಲಿ', 'ಟಾಪ್‌ಕಾನ್' ಅಂತ ಇರುತ್ತೆ. ಇವುಗಳಲ್ಲಿ ಕ್ಯಾಡ್ಮಿಯಂ ಪದರ ಇಲ್ಲ. ಬೆಸುಗೆಯಲ್ಲಿ ಸ್ವಲ್ಪ ಸೀಸ ಇರಬಹುದು. ಇಡೀ ಗಾಜು ಒಂದೇ ಸಮ ಕಪ್ಪಗಿದ್ದು, ಕೂದಲೆಳೆಯಂಥ ಗೆರೆಗಳು ಮಾತ್ರ ಇದ್ರೆ ತೆಳು ಪದರದ್ದು. ಆಗ ಒಳಗೆ ಯಾವ ವಸ್ತು ಅಂತ ಕೇಳಿ.

ಮಳೆ ನೀರು: ಪ್ಯಾನೆಲ್ ಗಾಜು ಸೀಳಿಲ್ಲ ಅಂದ್ರೆ ಅದರ ಮೇಲೆ ಬಿದ್ದ ನೀರು ಸಂಪಿಗೆ ಬಿಡಬಹುದು. ತಾರಸಿಗೆ ಹೇಗೂ ಮಾಡ್ತೀರಲ್ಲ, ಹಾಗೇ ಮೊದಲ ಮಳೆ ನೀರು ಹೊರಗೆ ಬಿಟ್ಟು, ಫಿಲ್ಟರ್ ಹಾಕಿ. ಅಲ್ಲಿರೋದು ಪಾರಿವಾಳದ ಹಿಕ್ಕೆ, ಧೂಳು. ನಿಜವಾದ ತೊಂದರೆ ಅದೇ.

ಒಡೆದರೆ: ಬರಿಗೈಯಲ್ಲಿ ಮುಟ್ಟಬೇಡಿ. ಬಿಸಿಲಿರೋವರೆಗೆ ಒಡೆದ ಪ್ಯಾನೆಲ್‌ನಲ್ಲೂ ಕರೆಂಟ್ ಇರುತ್ತೆ. ಹಾಕಿದ ಕಂಪನಿಯವರನ್ನ ಕರೆಸಿ. ತೆಗೆಯೋವರೆಗೆ ಆ ಭಾಗದ ನೀರು ಸಂಪಿಗೆ ಹೋಗದ ಹಾಗೆ ಪೈಪ್ ತಿರುಗಿಸಿ.

ಬಿಲ್ ಜೊತೆ ಒಂದು ಸಾಲು: 'ಹಳೇದಾದ ಅಥವಾ ಒಡೆದ ಪ್ಯಾನೆಲ್ ನಾವೇ ವಾಪಸ್ ತಗೊಳ್ತೀವಿ' ಅಂತ ಬರೆಸಿಕೊಳ್ಳಿ. ವಾರಂಟಿ 25 ವರ್ಷ ಅಂತ ಜೋರಾಗಿ ಹೇಳ್ತಾರೆ. 26ನೇ ವರ್ಷದ ಮಾತನ್ನ ನಾವೇ ಕೇಳಬೇಕು.

ಸಬ್ಸಿಡಿ: ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವಾಟ್‌ಗೆ 30 ಸಾವಿರ, 2ಕ್ಕೆ 60 ಸಾವಿರ, 3 ಮತ್ತು ಅದಕ್ಕಿಂತ ಹೆಚ್ಚಿಗೆ 78 ಸಾವಿರ ರೂಪಾಯಿ. ಭಾರತದಲ್ಲೇ ತಯಾರಾದ ಸೆಲ್ ಇರೋ ಪ್ಯಾನೆಲ್ ಆಗಿರಬೇಕು. ಇದು ಮನೆ ಮೀಟರ್‌ಗೆ. ಅಂಗಡಿಯ ಕಮರ್ಷಿಯಲ್ ಮೀಟರ್‌ಗೆ ಈ ಸಬ್ಸಿಡಿ ಇಲ್ಲ. ಕೆಳಗೆ ಅಂಗಡಿ, ಮೇಲೆ ಮನೆ ಇರೋರು ಯಾವ ಮೀಟರ್‌ಗೆ ಅರ್ಜಿ ಹಾಕ್ತಿದ್ದೀರಿ ಅಂತ ಬೆಸ್ಕಾಂನಲ್ಲಿ ಮೊದಲೇ ಕೇಳ್ಕೊಳ್ಳಿ.

ಆ ಕಿರಾಣಿ ಅಂಗಡಿಯವರ ಕೊಟೇಶನ್ ನೋಡಿದೆ. 'ಮೋನೋ' ಅಂತ ಇತ್ತು, ಅಂದ್ರೆ ಸಿಲಿಕಾನ್. ಸಂಪಿಗೆ ಏನೂ ಆಗಲ್ಲ ಅಂದೆ, ಸಮಾಧಾನ ಆಯ್ತು. ಆಮೇಲೆ ಕಲ್ಲುಪ್ಪಿನ ಮೂಟೆಯ ಕಥೆ ಹೇಳಿದೆ. ಅವರು ಬಗ್ಗಿ ಮೂಟೆ ಕೆಳಗಿನ ಹಲಗೆ ಮುಟ್ಟಿ ನೋಡಿದರು. ಒದ್ದೆ ಇತ್ತು. 'ಫ್ಯಾಕ್ಟರಿಯೋರಿಗೆ ಬೇಕಂತೆ ಅಂದ್ರೆ ಇದನ್ನೂ ತೂಕಕ್ಕೆ ಹಾಕಬಹುದಾ?' ಅಂತ ನಕ್ಕರು. ಹೊರಡೋವಾಗ ಸೋಲಾರ್ ಕಂಪನಿಯವರಿಗೆ ಫೋನ್ ಮಾಡಿ, ಹಳೇ ಪ್ಯಾನೆಲ್ ವಾಪಸ್ ತಗೊಳ್ಳೋ ವಿಚಾರ ಕೊಟೇಶನ್‌ನಲ್ಲಿ ಸೇರಿಸಿ ಕಳಿಸಿ ಅಂತ ಹೇಳ್ತಾ ಇದ್ದರು.